ಸಿಟ್ಟಿನ ಪಕ್ಕದಲ್ಲಿ ನಿಲ್ಲುವುದು: ಮನೋಚಿಕಿತ್ಸಕರಿಗೆ ಐಕಿಡೊ ಕಲಿಸುವ ಪಾಠ

"ನಿಮಗೆ ಮದುವೆ ಆಗಿದೆಯಾ ಮೇಡಂ? ಆಗಿಲ್ಲ ತಾನೇ? ಮತ್ತೆ ಯಾವ ಬಾಯಲ್ಲಿ ನನ್ನ ಸಂಸಾರದ ಬಗ್ಗೆ ಮಾತನಾಡುತ್ತೀರಿ?"

ಆಪ್ತಸಮಾಲೋಚನೆಯ ಕೋಣೆಯಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಮನೆಯವರ ಒತ್ತಾಯಕ್ಕೆ ಬಂದ, ನಲವತ್ತರ ಆಸುಪಾಸಿನ ಗಂಡಸು ಎಂದುಕೊಳ್ಳಿ. ಇಪ್ಪತ್ತು ನಿಮಿಷ ನೆಲ ನೋಡುತ್ತಾ ಹೌದು, ಇಲ್ಲ ಎಂದಷ್ಟೇ ಉತ್ತರಿಸಿದವರು ಮಗಳ ಬಗ್ಗೆ ಕೇಳಿದ ಒಂದು ಪ್ರಶ್ನೆಗೆ ಕುರ್ಚಿಯ ಅಂಚಿಗೆ ಸರಿದು ಕೂರುತ್ತಾರೆ. ಕತ್ತಿನ ನರ ಉಬ್ಬುತ್ತದೆ. ದನಿ ಪಕ್ಕದ ಕೋಣೆಗೂ ಕೇಳುವಷ್ಟು ಏರುತ್ತದೆ. ಇವರು ಯಾರೋ ಒಬ್ಬರಲ್ಲ, ನನ್ನೆದುರು ಕೂತ ಹಲವರನ್ನು ಸೇರಿಸಿ ಕಟ್ಟಿದ ಚಿತ್ರ. ಆದರೆ ಆ ಹೊತ್ತಿನಲ್ಲಿ ಎದುರಿನ ಕುರ್ಚಿಯಲ್ಲಿರುವ ಚಿಕಿತ್ಸಕಿಯ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಟ್ಟಿ ಹೇಳಬೇಕಿಲ್ಲ.

ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಭುಜಗಳು ಕಿವಿಯ ಕಡೆಗೆ ಏರುತ್ತವೆ. ಬೆನ್ನು ಕುರ್ಚಿಗೆ ಒತ್ತಿಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೆ ಬಾಯಿ ತೆರೆಯುತ್ತದೆ. ಆಗ ಹೊರಡುವುದು ಸಾಮಾನ್ಯವಾಗಿ ಸಮರ್ಥನೆ: "ನೋಡಿ ಸರ್, ನಾನು ಇದರಲ್ಲೇ ಸ್ನಾತಕೋತ್ತರ ಪದವಿ ಮಾಡಿದ್ದೇನೆ." ಇಲ್ಲವೇ ಅಡ್ಡಬೀಳುವ ದನಿ: "ಅಯ್ಯೋ, ನಾನು ಹಾಗೆ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ." ಎರಡೂ ಆಗದಿದ್ದರೆ ಮುಖ ಕಲ್ಲಾಗುತ್ತದೆ, ದನಿ ಬ್ಯಾಂಕಿನ ಕೌಂಟರಿನದಾಗುತ್ತದೆ. ಮೊದಲನೆಯದು ತಳ್ಳುವುದು, ಎರಡನೆಯದು ಜಾಗ ಬಿಟ್ಟು ಓಡುವುದು, ಮೂರನೆಯದು ಮರಗಟ್ಟುವುದು. ಮೂರರಲ್ಲಿಯೂ ಎದುರಿನ ಮನುಷ್ಯ ಒಂಟಿಯಾಗಿ ಉಳಿಯುತ್ತಾನೆ, ಅವನ ಸಿಟ್ಟು ಹೆಚ್ಚುತ್ತದೆ.

ಓದಿ ತಿಳಿದವರಿಗೂ ಹೀಗೇಕಾಗುತ್ತದೆ? ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಟಕ್ಕೆ ಇಲ್ಲವೇ ಓಟಕ್ಕೆ ಸಜ್ಜಾಗುವ ಬಗೆಯನ್ನು ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ನಿಧಾನವಾಗಿ ರಕ್ತ ಸ್ನಾಯುಗಳ ಕಡೆಗೆ ಹರಿಯುತ್ತದೆ. ಎದುರಿಗಿರುವುದು ಹುಲಿಯೋ ಏರಿದ ದನಿಯೋ ಎಂದು ದೇಹ ನಿಧಾನವಾಗಿ ವಿಚಾರಿಸಿ ನೋಡುವುದಿಲ್ಲ. ಮೊದಲು ಬಿಗಿದುಕೊಳ್ಳುತ್ತದೆ, ಆಮೇಲೆ ಯೋಚಿಸುತ್ತದೆ. ನಮ್ಮ ತರಬೇತಿಯ ಹೆಚ್ಚಿನ ಪಾಲು ಈ "ಆಮೇಲೆ"ಗೆ ಸಂಬಂಧಿಸಿದ್ದು. ಏನು ಹೇಳಬೇಕು, ಏನು ಹೇಳಬಾರದು ಎಂದು ಕಲಿಸುತ್ತಾರೆ. ಪಟ್ಟುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ ಅಖಾಡಕ್ಕೆ ಇಳಿದವನ ಸ್ಥಿತಿ ನಮ್ಮದು. ಯಾರಾದರೂ ನಿಜವಾಗಿ ಕೈ ಹಾಕಿದಾಗ ಹೆಸರು ನೆನಪಿರುತ್ತದೆ, ಕಾಲು ಮಾತ್ರ ಕದಲುವುದಿಲ್ಲ.

ಸಮರಕಲೆಯ ಅಭ್ಯಾಸ ನೆರವಿಗೆ ಬರುವುದು ಇಲ್ಲಿ. ಕ್ಲೈಂಟ್ ಮೈಮೇಲೆ ಬಂದರೆ ತಡೆಯಲು ಇದು ಬೇಕು ಎಂದು ಹಲವರು ಭಾವಿಸುತ್ತಾರೆ. ನಾನು ಹೇಳುತ್ತಿರುವುದು ಅದನ್ನಲ್ಲ. ಒತ್ತಡ ಮೈಗೆ ತಾಗಿದ ಕ್ಷಣದಲ್ಲಿ ಬಿಗಿದುಕೊಳ್ಳದಿರುವುದನ್ನು ಸುರಕ್ಷಿತವಾದ ಜಾಗದಲ್ಲಿ ಸಾವಿರ ಸಲ ಅಭ್ಯಾಸ ಮಾಡಲು ಸಿಗುವ ಅವಕಾಶವನ್ನು. ಮಾತಿನ ತರಗತಿಯಲ್ಲಿ ಆ ಅವಕಾಶ ಇಲ್ಲ.

ಎಲ್ಲ ಸಮರಕಲೆಗಳೂ ಇದಕ್ಕೆ ಒಂದೇ ರೀತಿ ಒದಗುವುದಿಲ್ಲ. ಚಿಕಿತ್ಸಕರ ಕೆಲಸಕ್ಕೆ ತೀರ ಹತ್ತಿರ ಬರುವುದು ಜಪಾನಿನ ಐಕಿಡೊ. ಅದನ್ನು ರೂಪಿಸಿದ ಮೊರಿಹೈ ಉಯೆಶಿಬಾ 1883ರಲ್ಲಿ ವಾಕಯಾಮಾ ಪ್ರಾಂತ್ಯದ ತಾನಾಬೆಯಲ್ಲಿ ಹುಟ್ಟಿದವರು, 1969ರಲ್ಲಿ ತೀರಿಕೊಂಡರು. ದೈತೊ-ರ್ಯು ಎಂಬ ಹಳೆಯ ಜುಜುತ್ಸು ಪರಂಪರೆಯನ್ನು ಸೊಕಾಕು ತಾಕೆದಾ ಅವರಲ್ಲಿ ಕಲಿತು, ಅದರಿಂದ ತಮ್ಮದೇ ದಾರಿಯೊಂದನ್ನು ಬೆಳೆಸಿದರು. ಈ ಕಲೆಯಲ್ಲಿ ದಾಳಿ ಮಾಡುವವನ ಬಲವನ್ನು ತಡೆದು ನಿಲ್ಲಿಸುವುದಿಲ್ಲ. ಅದರ ಜೊತೆ ಸೇರಿಕೊಂಡು ದಿಕ್ಕು ಬದಲಿಸುತ್ತಾರೆ. ದಾಳಿ ಮಾಡಿದವನಿಗೂ ಗಾಯವಾಗದಂತೆ ನೋಡಿಕೊಳ್ಳುವುದು ಇಲ್ಲಿ ಕಲೆಯ ಭಾಗವೇ ಆಗಿದೆ.

ಇದರ ತರ್ಕವನ್ನು ಅತ್ಯಂತ ಸರಳವಾಗಿ ಲೆಕ್ಕ ಹಾಕಿ ತೋರಿಸಿದವರು 1882ರಲ್ಲಿ ಜೂಡೊ ಆರಂಭಿಸಿದ ಜಿಗೊರೊ ಕಾನೊ. ಕಾನೊ ವೃತ್ತಿಯಿಂದ ಶಿಕ್ಷಕರು, ವಿವರಣೆಯಲ್ಲಿ ಅದು ಎದ್ದು ಕಾಣುತ್ತದೆ. ಎದುರಾಳಿಯ ಬಲ ಹತ್ತು, ನನ್ನದು ಏಳು ಎಂದಿರಲಿ. ಅವನು ಪೂರ್ತಿ ಬಲದಿಂದ ತಳ್ಳಿದಾಗ ನಾನೂ ಪೂರ್ತಿ ಬಲದಿಂದ ತಳ್ಳಿದರೆ ಬೀಳುವವನು ನಾನೇ. ಅವನು ತಳ್ಳಿದಷ್ಟೇ ನಾನು ಹಿಂದೆ ಸರಿದು, ನನ್ನ ಸಮತೋಲ ಕಾಯ್ದುಕೊಂಡರೆ ಅವನು ಮುಂದಕ್ಕೆ ವಾಲುತ್ತಾನೆ. ವಾಲಿದವನ ಬಲ ಹತ್ತರಿಂದ ಮೂರಕ್ಕೆ ಇಳಿದಿರುತ್ತದೆ. ನನ್ನ ಏಳು ಏಳಾಗಿಯೇ ಉಳಿದಿರುತ್ತದೆ. ನಮ್ಮ ಗರಡಿಯ ಪೈಲ್ವಾನರಿಗೆ ಇದು ಹೊಸ ಮಾತಲ್ಲ. ಮೇಲೆ ಬಿದ್ದು ಬಂದವನನ್ನು ಅವನ ಭಾರದಿಂದಲೇ ಚಿತ್ ಮಾಡುವುದನ್ನು ಮೈಸೂರು ದಸರಾ ಕುಸ್ತಿ ನೋಡಿದವರೆಲ್ಲ ಕಂಡಿರುತ್ತಾರೆ. ಆದರೆ ಕುಸ್ತಿಯಲ್ಲಿ ಕೊನೆಗೆ ಒಬ್ಬ ಸೋಲಲೇಬೇಕು. ಚಿಕಿತ್ಸೆಯ ಕೋಣೆಯಲ್ಲಿ ಯಾರೂ ಸೋಲುವಂತಿಲ್ಲ. ಐಕಿಡೊ ಇನ್ನಷ್ಟು ಹತ್ತಿರವಾಗುವುದು ಈ ಕಾರಣಕ್ಕೆ. ಅದರಲ್ಲಿ ಸಾಮಾನ್ಯವಾಗಿ ಸ್ಪರ್ಧೆಗಳೇ ಇಲ್ಲ.

ಒಂದೇ ಒಂದು ಚಲನೆಯನ್ನು ಹತ್ತಿರದಿಂದ ನೋಡೋಣ. ಹೊಸಬರಿಗೆ ಮೊದಲು ಹೇಳಿಕೊಡುವುದರಲ್ಲಿ ಇದೂ ಒಂದು. ಎದುರಿಗಿರುವವರು ನಿಮ್ಮ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಾರೆ. ಕೈ ಹಿಂದಕ್ಕೆ ಎಳೆದುಕೊಳ್ಳಿ, ಹಿಡಿತ ಬಿಗಿಯಾಗುತ್ತದೆ. ಮುಂದಕ್ಕೆ ತಳ್ಳಿ, ಅವರೂ ಕಾಲೂರಿ ತಳ್ಳುತ್ತಾರೆ. ಇಬ್ಬರ ಭುಜಗಳೂ ನಡುಗುತ್ತವೆ, ಯಾರೂ ಎಲ್ಲಿಗೂ ಹೋಗುವುದಿಲ್ಲ. ಈಗ ಹಿಡಿದ ಕೈಯ ಗೊಡವೆಯನ್ನು ಬಿಟ್ಟುಬಿಡಿ. ಅದು ಅಲ್ಲಿಯೇ ಇರಲಿ. ಉಸಿರು ಬಿಡುತ್ತಾ ಒಂದು ಹೆಜ್ಜೆ ಅವರ ಪಕ್ಕಕ್ಕೆ ಇಟ್ಟು, ಆ ಪಾದದ ಮೇಲೆ ಸೊಂಟವನ್ನು ಹಿಂದಕ್ಕೆ ತಿರುಗಿಸಿ. ಜಪಾನಿ ಭಾಷೆಯಲ್ಲಿ ಇದು ತೆಂಕಾನ್. ತಿರುಗಿ ಮುಗಿಯುವ ಹೊತ್ತಿಗೆ ನೀವು ಅವರ ಎದುರಿಗೆ ಇರುವುದಿಲ್ಲ, ಪಕ್ಕದಲ್ಲಿರುತ್ತೀರಿ. ಮಣಿಕಟ್ಟು ಇನ್ನೂ ಅವರ ಕೈಯಲ್ಲಿಯೇ ಇದೆ. ಆದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದ್ದೀರಿ. ಅವರಿಗೆ ಕಾಣುವ ಗೋಡೆ, ಕಿಟಕಿ, ಬಾಗಿಲು ನಿಮಗೂ ಕಾಣುತ್ತದೆ.

ಮೊದಲ ಸಲ ಇದು ಸರಿಯಾಗಿ ಬಂದ ದಿನ ನಾನು ಚಾಪೆಯ ಮೇಲೆ ಸುಮ್ಮನೆ ನಿಂತುಬಿಟ್ಟೆ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು ಎಂದು ಓದಿಕೊಂಡ ಅನುಭೂತಿ ಎಂಬ ಪದಕ್ಕೆ ಅಲ್ಲಿ ಪಾದ, ಸೊಂಟ, ಕಣ್ಣು ಎಲ್ಲವೂ ಬಂದಿದ್ದವು.

ಈಗ ಕೋಣೆಗೆ ಮರಳೋಣ. "ಯಾವ ಬಾಯಲ್ಲಿ ಮಾತನಾಡುತ್ತೀರಿ?" ಎಂಬ ಪ್ರಶ್ನೆ ಮಣಿಕಟ್ಟು ಹಿಡಿದ ಕೈ. ಮದುವೆ ಆಗಿದೆಯೋ ಇಲ್ಲವೋ ಎಂಬ ವಾದ ಹಿಡಿದ ಜಾಗದಲ್ಲಿಯೇ ನಡೆಯುವ ಎಳೆದಾಟ. ಪಕ್ಕಕ್ಕೆ ತಿರುಗುವ ಮಾತು ಬೇರೆ ಬಗೆಯದು: "ಹದಿನೈದು ವರ್ಷದ ನಿಮ್ಮ ಸಂಸಾರವನ್ನು ಇಪ್ಪತ್ತು ನಿಮಿಷ ಕೇಳಿಸಿಕೊಂಡು ನಾನು ತೀರ್ಪು ಕೊಟ್ಟ ಹಾಗೆ ಆಯಿತು." ಇಲ್ಲಿ ನಾನು ಒಪ್ಪಿಕೊಂಡೂ ಇಲ್ಲ, ಅಲ್ಲಗಳೆದೂ ಇಲ್ಲ. ಅವರು ನಿಂತ ಜಾಗದಿಂದ ನನ್ನ ಪ್ರಶ್ನೆ ಹೇಗೆ ಕಂಡಿತೋ ಅದನ್ನು ಹೇಳಿದ್ದೇನೆ. ತಳ್ಳಲು ಎದುರಿಗೆ ಯಾರೂ ಇಲ್ಲದಾಗ ಸಿಟ್ಟು ಒಂದು ಹೆಜ್ಜೆ ಮುಂದಕ್ಕೆ ವಾಲುತ್ತದೆ. "ಮತ್ತೇನು? ಎಲ್ಲರೂ ಮಾಡುವುದು ಅದನ್ನೇ. ಮಗಳು ಕೂಡ ಮಾತು ಬಿಟ್ಟಿದ್ದಾಳೆ." ನೋವು ಇದ್ದದ್ದು ಅಲ್ಲಿ.

ಮಾತಿನ ಚಿಕಿತ್ಸೆಯ ಲೋಕವೂ ತನ್ನದೇ ದಾರಿಯಲ್ಲಿ ಇದೇ ಜಾಗಕ್ಕೆ ಬಂದಿದೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಕುಡಿತದ ಸಮಸ್ಯೆ ಇರುವವರೊಂದಿಗಿನ ಕೆಲಸದಿಂದ 1983ರಲ್ಲಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ವಿಧಾನವನ್ನು ಮುಂದಿಟ್ಟರು. ಮುಂದೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ 1991ರಲ್ಲಿ ಅದನ್ನು ವಿಸ್ತರಿಸಿದಾಗ, ಪ್ರತಿರೋಧದ ಎದುರು ನಿಲ್ಲದೆ ಅದರ ಜೊತೆ ಉರುಳಿಕೊಂಡು ಹೋಗಬೇಕು ಎಂಬುದು ಅದರ ಮೂಲತತ್ವಗಳಲ್ಲಿ ಒಂದಾಗಿತ್ತು. ಚಿಕಿತ್ಸಕ ಬದಲಾವಣೆಯ ಪರ ವಾದಿಸಿದಷ್ಟೂ ಕ್ಲೈಂಟ್ ಅದರ ವಿರುದ್ಧ ವಾದಿಸುತ್ತಾನೆ ಎಂಬುದು ಅವರ ಗ್ರಹಿಕೆ. ಆಮೇಲಿನ ವರ್ಷಗಳಲ್ಲಿ ಅವರು "ಪ್ರತಿರೋಧ" ಎಂಬ ಪದವನ್ನೇ ಬದಿಗಿಟ್ಟರು, ಏಕೆಂದರೆ ಆ ಪದ ತಪ್ಪನ್ನೆಲ್ಲ ಕ್ಲೈಂಟ್ ತಲೆಗೆ ಕಟ್ಟುತ್ತದೆ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಮಣಿಕಟ್ಟಿನ ಎಳೆದಾಟಕ್ಕೆ ಹಿಡಿದವನಷ್ಟೇ ಕಾರಣನಲ್ಲ, ಎಳೆಯುವವನೂ ಕಾರಣ.

ಆದರೆ ಯಾವಾಗಲೂ ಸರಿದುಕೊಡುವುದೇ ಪಾಠ ಎಂದುಕೊಂಡರೆ ಅರ್ಧ ಕಲಿತಂತೆ. ಐಕಿಡೊದಲ್ಲಿ ತೆಂಕಾನ್‌ಗೆ ಜೋಡಿಯಾಗಿ ಇರಿಮಿ ಇದೆ. ಎಂದರೆ ಒಳಹೊಗುವುದು. ಹೊಡೆತ ಬರುತ್ತಿರುವಾಗಲೇ ಅದರ ದಾರಿಯಿಂದ ಕೂದಲೆಳೆಯಷ್ಟು ತಪ್ಪಿಸಿಕೊಂಡು, ದಾಳಿ ಮಾಡುವವನ ತೀರ ಹತ್ತಿರಕ್ಕೆ ಹೆಜ್ಜೆ ಇಡುವುದು. ಇದಕ್ಕೆ ಹಿಂದೆ ಸರಿಯುವುದಕ್ಕಿಂತ ಹೆಚ್ಚು ಧೈರ್ಯ ಬೇಕು. ಹೊಸಬರೆಲ್ಲ ಇಲ್ಲಿ ಮುಗ್ಗರಿಸುತ್ತಾರೆ, ಏಕೆಂದರೆ ದೇಹ ದೂರ ಓಡಬೇಕು ಎನ್ನುತ್ತಿರುತ್ತದೆ.

ಅಮೆರಿಕದ ಟೆರ್ರಿ ಡಾಬ್ಸನ್ 1960ರ ದಶಕದ ಆರಂಭದಲ್ಲಿ ಉಯೆಶಿಬಾ ಅವರ ಶಿಷ್ಯರಾಗಿದ್ದರು. ಆ ದಿನಗಳ ಒಂದು ಘಟನೆಯನ್ನು ಅವರೇ ಬರೆದಿದ್ದಾರೆ. ಟೋಕಿಯೊದ ರೈಲಿಗೆ ಕುಡಿದ ಕೂಲಿಯಾಳೊಬ್ಬ ಹತ್ತಿ, ಕೂಸನ್ನು ಎತ್ತಿಕೊಂಡ ಹೆಂಗಸಿನ ಮೇಲೆ ಕೈ ಬೀಸಿ, ಬೋಗಿಯನ್ನೆಲ್ಲ ನಡುಗಿಸುತ್ತಿದ್ದ. ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಮೂರು ವರ್ಷ ಅಭ್ಯಾಸ ಮಾಡಿದ್ದ ಡಾಬ್ಸನ್ ಎದ್ದು ನಿಂತರು. ಜಗಳಕ್ಕೆ ಇಳಿಯಬೇಡಿ ಎಂದು ಗುರು ಹೇಳಿದ್ದರೂ ಒಳಗೊಳಗೆ ಅವರಿಗೆ ಹೊಡೆಯುವ ಆಸೆ ಇತ್ತು. ಇನ್ನೇನು ಇಬ್ಬರೂ ಕೈ ಮಿಲಾಯಿಸಬೇಕು ಎನ್ನುವಷ್ಟರಲ್ಲಿ ಕಿಮೋನೊ ತೊಟ್ಟ ಮುದುಕರೊಬ್ಬರು ಉಲ್ಲಾಸದ ದನಿಯಲ್ಲಿ ಆ ಕುಡುಕನನ್ನು ಕೂಗಿ, ಏನು ಕುಡಿದೆ ಎಂದು ಕೇಳಿದರು. ಸಾಕೆ, ಅಂದರೆ ಜಪಾನಿನ ಅಕ್ಕಿ ಮದ್ಯ, ಎಂದ. ನನಗೂ ಸಾಕೆ ಇಷ್ಟ, ಸಂಜೆ ನಾನೂ ನನ್ನ ಹೆಂಡತಿಯೂ ತೋಟದ ಬೆಂಚಿನ ಮೇಲೆ ಕೂತು ಒಂದಿಷ್ಟು ಕುಡಿಯುತ್ತೇವೆ ಎಂದು ಮುದುಕರು ತಮ್ಮ ಪರ್ಸಿಮನ್ ಮರದ ಕಥೆ ತೆಗೆದರು. ನಿನಗೂ ಒಳ್ಳೆಯ ಹೆಂಡತಿ ಇರಬೇಕು ಎಂದರು. ಇಲ್ಲ, ಸತ್ತುಹೋದಳು ಎಂದ ಆತ ಅಳತೊಡಗಿದ. ಡಾಬ್ಸನ್ ರೈಲಿನಿಂದ ಇಳಿಯುವಾಗ ಕುಡುಕನ ತಲೆ ಮುದುಕರ ತೊಡೆಯ ಮೇಲಿತ್ತು.

ಈ ಕಥೆಯನ್ನು ಮೃದುತನದ ಉದಾಹರಣೆಯಾಗಿ ಹೇಳುವುದು ರೂಢಿ. ನಾನು ಅದನ್ನು ಇರಿಮಿಯ ಉದಾಹರಣೆಯಾಗಿ ಓದುತ್ತೇನೆ. ಆ ಮುದುಕರು ಸರಿದು ನಿಲ್ಲಲಿಲ್ಲ. ಬೋಗಿಯವರೆಲ್ಲ ದೂರ ಸರಿಯುತ್ತಿದ್ದಾಗ ಅವರೊಬ್ಬರು ಆ ಮನುಷ್ಯನನ್ನು ತಮ್ಮ ಪಕ್ಕಕ್ಕೆ ಕರೆದರು.

ಚಿಕಿತ್ಸೆಯಲ್ಲಿ ಒಳಹೊಗುವುದಕ್ಕೆ ಇನ್ನೊಂದು ಮುಖವಿದೆ, ಮಿತಿ ಹಾಕುವುದು. ಎದುರಿನವರು ಮೇಜಿನ ಮೇಲಿನ ನೀರಿನ ಲೋಟ ಎತ್ತಿ ಬೀಸಲು ಹೊರಟಾಗ ಅನುಭೂತಿಯ ವಾಕ್ಯಗಳಿಗೆ ಕೆಲಸವಿಲ್ಲ. "ಲೋಟ ಕೆಳಗಿಡಿ. ನಿಮ್ಮ ಮಾತು ಪೂರ್ತಿ ಕೇಳುತ್ತೇನೆ, ಆದರೆ ವಸ್ತು ಎಸೆದರೆ ಇವತ್ತಿನ ಭೇಟಿ ಇಲ್ಲಿಗೇ ನಿಲ್ಲುತ್ತದೆ." ಚಿಕ್ಕ ವಾಕ್ಯ, ಇಳಿದ ದನಿ, ಬಿಟ್ಟ ಉಸಿರು. ಇದೇ ಮಾತನ್ನು ಭುಜ ಎತ್ತಿಕೊಂಡು ಹೇಳಿದರೆ ಬೆದರಿಕೆಯಾಗುತ್ತದೆ, ಭುಜ ಇಳಿಸಿ ಹೇಳಿದರೆ ಆಸರೆಯಾಗುತ್ತದೆ. ಅದಕ್ಕೇ ಭುಜಕ್ಕೆ ತರಬೇತಿ ಬೇಕು ಎನ್ನುವುದು.

ದೂರದ ವಿಚಾರವನ್ನೂ ಹೇಳಬೇಕು. ಜಪಾನಿ ಸಮರಕಲೆಗಳಲ್ಲಿ ಇಬ್ಬರ ನಡುವಿನ ಅಂತರಕ್ಕೆ ಮಾ-ಆಯ್ ಎನ್ನುತ್ತಾರೆ. ಅದು ಗಜಕಡ್ಡಿಯ ಅಳತೆಯಲ್ಲ. ಎದುರಿನವನ ವೇಗ, ಮನಸ್ಥಿತಿ, ಕೈಯಲ್ಲಿ ಏನಿದೆ ಎಂಬುದನ್ನೆಲ್ಲ ಅವಲಂಬಿಸಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಉದ್ರಿಕ್ತ ರೋಗಿಗಳನ್ನು ಮಾತಿನಿಂದ ಶಾಂತಗೊಳಿಸುವ ಬಗ್ಗೆ ಅಮೆರಿಕದ ತುರ್ತು ಮನೋವೈದ್ಯರ ಸಂಘ 2012ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಮೊದಲ ಅಂಶವೇ ಎದುರಿನವರ ಸುತ್ತಲಿನ ಜಾಗವನ್ನು ಗೌರವಿಸುವುದು: ಕನಿಷ್ಠ ಎರಡು ತೋಳಿನಷ್ಟು ದೂರ. ನೇರ ಎದುರಿಗೆ ನಿಲ್ಲದೆ ಓರೆಯಾಗಿ ನಿಲ್ಲುವ ಐಕಿಡೊದ ಹನ್ಮಿ ನಿಲುವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾನು ನನ್ನ ಕುರ್ಚಿಗಳನ್ನು ಎದುರುಬದುರು ಇಡುವುದನ್ನು ಬಿಟ್ಟು, ಎರಡೂ ಸ್ವಲ್ಪ ಕಿಟಕಿಯ ಕಡೆಗೆ ತಿರುಗಿರುವಂತೆ ಇಟ್ಟಿದ್ದೇನೆ. ಬಾಗಿಲಿನ ದಾರಿ ಇಬ್ಬರಿಗೂ ತೆರೆದಿರುತ್ತದೆ. ಕೋಪಗೊಂಡವರಿಗೆ ಸಿಕ್ಕಿಹಾಕಿಕೊಂಡೆ ಅನಿಸಬಾರದು, ನನಗೂ ಅನಿಸಬಾರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಬೀಳುವುದು. ಐಕಿಡೊ ಕಲಿಯಲು ಹೋದವರು ಮೊದಲ ತಿಂಗಳುಗಳಲ್ಲಿ ಹೆಚ್ಚಾಗಿ ಮಾಡುವುದು ಇದನ್ನೇ. ಉಕೆಮಿ ಎಂದು ಇದರ ಹೆಸರು. ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ಬಿಲ್ಲಿನಂತೆ ಬಾಗಿಸಿ, ಭುಜದಿಂದ ಎದುರು ಬದಿಯ ಸೊಂಟದವರೆಗೆ ಓರೆಯಾಗಿ ಉರುಳಿ ಮತ್ತೆ ಎದ್ದು ನಿಲ್ಲಬೇಕು. ಬಿಗಿಯಾಗಿ ಬಿದ್ದವರಿಗೆ ನೋವಾಗುತ್ತದೆ, ಸಡಿಲವಾಗಿ ಉರುಳಿದವರು ಎದ್ದುಬಿಡುತ್ತಾರೆ. ಬೀಳುವ ಭಯ ಹೋಗುವವರೆಗೆ ಉಳಿದ ಯಾವ ಚಲನೆಯೂ ಸರಿಯಾಗಿ ಬರುವುದಿಲ್ಲ, ಏಕೆಂದರೆ ಬೀಳದಿರುವ ಪ್ರಯತ್ನದಲ್ಲಿಯೇ ದೇಹ ಬಿಗಿದಿರುತ್ತದೆ.

ಕ್ಲೈಂಟ್ ಸಿಟ್ಟಿನಲ್ಲಿ ಬಹಳ ಸಲ ಸತ್ಯವಿರುತ್ತದೆ. ನಾವು ಹೆಸರು ಮರೆತಿರುತ್ತೇವೆ, ಹಿಂದಿನ ವಾರ ಹೇಳಿದ್ದನ್ನೇ ಮತ್ತೆ ಕೇಳಿರುತ್ತೇವೆ, ಗಡಿಯಾರ ನೋಡಿರುತ್ತೇವೆ. ಆಗ ಬೇಕಾದದ್ದು ತೆಂಕಾನ್ ಅಲ್ಲ, ಇರಿಮಿಯೂ ಅಲ್ಲ, ಬೀಳುವುದು. "ಹೌದು, ನಾನು ಗಡಿಯಾರ ನೋಡಿದೆ. ನೀವು ಅಮ್ಮನ ಸಾವಿನ ಬಗ್ಗೆ ಹೇಳುತ್ತಿದ್ದಿರಿ. ಅದು ನನ್ನ ತಪ್ಪು." ಇಷ್ಟು ಹೇಳಿ ನಿಲ್ಲಿಸಬೇಕು. ವಿವರಣೆ ಸೇರಿಸಿದರೆ ಅದು ಬಿಗಿಯಾಗಿ ಬಿದ್ದಂತೆ. ಚಿಕಿತ್ಸಕ ಮತ್ತು ಕ್ಲೈಂಟ್ ನಡುವಿನ ಬಾಂಧವ್ಯದಲ್ಲಿ ಬರುವ ಇಂಥ ಬಿರುಕುಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜೆರೆಮಿ ಸಫ್ರಾನ್ ಮತ್ತು ಕ್ರಿಸ್ಟೋಫರ್ ಮುರಾನ್, ಬಿರುಕನ್ನು ಗುರುತಿಸಿ ಸರಿಪಡಿಸಿಕೊಳ್ಳುವ ಕೆಲಸವೂ ಚಿಕಿತ್ಸೆಯೇ ಎಂದು ತೋರಿಸಿದರು. ತಪ್ಪು ಒಪ್ಪಿಕೊಂಡ ದೊಡ್ಡವರನ್ನೇ ಕಾಣದೆ ಬೆಳೆದವರಿಗೆ ಆ ಒಂದು ವಾಕ್ಯ ಎಷ್ಟು ಹೊಸದಾಗಿರುತ್ತದೆ ಎಂಬುದನ್ನು ಅವರ ಮುಖದಲ್ಲಿ ನೋಡಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಲೇಬೇಕು. ಸಿಟ್ಟನ್ನು ಹೊರಹಾಕಲು ದಿಂಬಿಗೋ ಗುದ್ದುಚೀಲಕ್ಕೋ ಗುದ್ದಿ ಎಂಬ ಸಲಹೆ ಈಗಲೂ ಚಾಲ್ತಿಯಲ್ಲಿದೆ, ಸಮರಕಲೆ ಎಂದಕೂಡಲೇ ಜನರಿಗೆ ನೆನಪಾಗುವುದೂ ಅದೇ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ಸಿಟ್ಟು ಬರಿಸಲಾಯಿತು. ಸಿಟ್ಟು ತರಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು, ಎರಡು ನಿಮಿಷ ಸುಮ್ಮನೆ ಕೂತವರಿಗಿಂತ ಹೆಚ್ಚಾಗಿಯೇ ಉಳಿದಿತ್ತು. 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೂ ಇದನ್ನೇ ಹೇಳಿತು: ದೇಹದ ಉದ್ರೇಕ ತಗ್ಗಿಸುವ ಉಸಿರಾಟ, ಧ್ಯಾನ, ಯೋಗದಂಥವು ಕೋಪ ಇಳಿಸುತ್ತವೆ, ಉದ್ರೇಕ ಏರಿಸುವ ಚಟುವಟಿಕೆಗಳು ಒಟ್ಟಾರೆಯಾಗಿ ಇಳಿಸುವುದಿಲ್ಲ. ಹಾಗಾಗಿ ಚಿಕಿತ್ಸಕರು ಚಾಪೆಯ ಮೇಲೆ ಹೋಗಿ ದಿನದ ಸಿಟ್ಟನ್ನೆಲ್ಲ ಗುದ್ದಿ ತೀರಿಸಿಕೊಂಡರೆ ಏನೂ ಕಲಿತಂತಾಗುವುದಿಲ್ಲ. ಎದೆ ಬಡಿದುಕೊಳ್ಳುತ್ತಿರುವಾಗಲೇ ಉಸಿರನ್ನು ಉದ್ದಕ್ಕೆ ಬಿಡುವುದು, ಹಿಡಿತಕ್ಕೆ ಸಿಕ್ಕ ಕೈಯನ್ನು ಸಡಿಲವಾಗಿ ಇಡುವುದು, ಕಲಿಯಬೇಕಾದದ್ದು ಇವನ್ನು.

ಚಿಕಿತ್ಸಕರಿಗೂ ಸಿಟ್ಟು ಬರುತ್ತದೆ. ಇದನ್ನು ಒಪ್ಪಿಕೊಳ್ಳಲು ನಮ್ಮ ವೃತ್ತಿಗೆ ಬಹಳ ಕಾಲ ಬೇಕಾಯಿತು. ಇಂಗ್ಲೆಂಡಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1949ರ ಪ್ರಬಂಧವೊಂದರಲ್ಲಿ, ರೋಗಿಯ ಬಗ್ಗೆ ತನ್ನೊಳಗೆ ಏಳುವ ದ್ವೇಷವನ್ನು ಚಿಕಿತ್ಸಕ ಗುರುತಿಸಿಕೊಳ್ಳಬೇಕು, ಮುಚ್ಚಿಟ್ಟರೆ ಅದರಿಂದ ರೋಗಿಗೇ ಹಾನಿ ಎಂದು ನೇರವಾಗಿ ಬರೆದರು. ಚಾಪೆಯ ಮೇಲೆ ಇದು ಮುಚ್ಚಿಡಲಾಗದಂತೆ ಹೊರಬರುತ್ತದೆ. ಎದುರಿನವರು ಸ್ವಲ್ಪ ಜೋರಾಗಿ ಹಿಡಿದರೆ ಸಾಕು, ಅವರ ಕೈ ತಿರುಚಬೇಕು ಎಂಬ ಆಸೆ ಬೆರಳಿನಲ್ಲಿ ಮೂಡುವುದು ತಿಳಿಯುತ್ತದೆ.

ಎಚ್ಚರಿಕೆಗಳೂ ಇವೆ. ಈ ಅಭ್ಯಾಸದಿಂದ ಕ್ಲೈಂಟ್ ಮೈ ಮುಟ್ಟುವ ಪರವಾನಗಿ ಸಿಗುವುದಿಲ್ಲ. ನಮ್ಮ ದೇಶದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 97ನೇ ಕಲಂ ಪ್ರಕಾರ, ಒಂಟಿಯಾಗಿ ಕೂಡಿಹಾಕುವುದು ನಿಷಿದ್ಧ. ದೈಹಿಕವಾಗಿ ಕಟ್ಟಿಹಾಕುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಉಸ್ತುವಾರಿ ಮನೋವೈದ್ಯರ ಅನುಮತಿಯೊಂದಿಗೆ ಮಾತ್ರ. ಒಂಟಿ ಕ್ಲಿನಿಕ್ ನಡೆಸುವ ಆಪ್ತಸಮಾಲೋಚಕಿಗೆ ಅಪಾಯ ಕಂಡರೆ ಎದ್ದು ಬಾಗಿಲು ತೆರೆದು ಹೊರಗೆ ಹೋಗುವುದೇ ಸರಿಯಾದ ಚಲನೆ. ಅದರಲ್ಲಿ ನಾಚಿಕೆಯ ಮಾತೇ ಇಲ್ಲ. ಹಾಗೆಯೇ, ಹಿಂದೆ ಹಿಂಸೆ ಅನುಭವಿಸಿದ ಚಿಕಿತ್ಸಕರಿಗೆ ಯಾರೋ ಮಣಿಕಟ್ಟು ಹಿಡಿಯುವುದು ಬರಿಯ ಅಭ್ಯಾಸವಾಗಿ ಉಳಿಯದಿರಬಹುದು. ಕೇಳಿ, ಒಪ್ಪಿಗೆ ಪಡೆದು, ಮೊದಲು ಹಗುರವಾಗಿ ಹಿಡಿಯುವ ಗುರುವೇ ಬೇಕು.

ಸಹೋದ್ಯೋಗಿಗಳ ಜೊತೆ ನಾವು ಮಾಡುವ ಅಭ್ಯಾಸ ಬಹಳ ಸರಳ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬರು ಮಣಿಕಟ್ಟು ಹಿಡಿದು, ತಾವು ಕ್ಲೈಂಟ್ ಬಾಯಲ್ಲಿ ಕೇಳಿದ ಅತ್ಯಂತ ಚುಚ್ಚುವ ಮಾತನ್ನು ಹೇಳುತ್ತಾರೆ. ಇನ್ನೊಬ್ಬರು ಮೊದಲು ಉಸಿರು ಬಿಡಬೇಕು, ಆಮೇಲೆ ತಿರುಗಬೇಕು, ಪಕ್ಕಕ್ಕೆ ಬಂದ ಮೇಲೆಯೇ ಉತ್ತರಿಸಬೇಕು. ಕ್ರಮ ತಪ್ಪಿದರೆ ಹಿಡಿದವರಿಗೆ ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ಮಣಿಕಟ್ಟಿನ ಸ್ನಾಯು ಬಿಗಿಯುವುದು ಅವರ ಬೆರಳಿಗೆ ತಿಳಿಯುತ್ತದೆ. ಎಷ್ಟೇ ನಯವಾದ ವಾಕ್ಯ ಹೇಳಿದರೂ ಬಿಗಿದ ಮಣಿಕಟ್ಟನ್ನು ಮರೆಮಾಚಲು ಆಗುವುದಿಲ್ಲ.

ನಾಲ್ಕು ಸಲ ಆದ ಮೇಲೆ ಪಾತ್ರ ಬದಲಾಗುತ್ತದೆ. ಐಕಿಡೊದ ಎಲ್ಲ ಅಭ್ಯಾಸವೂ ಹೀಗೆಯೇ, ಅರ್ಧ ಹೊತ್ತು ನೀವೇ ದಾಳಿ ಮಾಡುವವರು. ಒಂದು ಶನಿವಾರ ನನ್ನ ಸರದಿ ಬಂದಾಗ ಸಹೋದ್ಯೋಗಿಯ ಮಣಿಕಟ್ಟು ಹಿಡಿದು, ಆ ವಾರ ನನಗೇ ಯಾರೋ ಹೇಳಿದ್ದ ಮಾತನ್ನು ಹೇಳಿದೆ: "ದುಡ್ಡು ತೆಗೆದುಕೊಂಡು ಸುಮ್ಮನೆ ತಲೆ ಆಡಿಸುತ್ತೀರಿ." ಹೇಳುತ್ತಾ ಹೇಳುತ್ತಾ ನನ್ನ ದನಿ ನಿಜವಾಗಿಯೇ ಏರಿತು. ಅವರು ಉಸಿರು ಬಿಟ್ಟರು, ಹೆಜ್ಜೆ ಹಾಕಿದರು, ತಿರುಗಿ ನನ್ನ ಪಕ್ಕ ಬಂದು ನಿಂತರು. ನನ್ನ ಹಿಡಿತ ಎಲ್ಲಿತ್ತೋ ಅಲ್ಲಿಯೇ ಇತ್ತು, ಆದರೆ ಹಿಡಿದುಕೊಳ್ಳಲು ಕಾರಣ ಉಳಿದಿರಲಿಲ್ಲ. ಇಬ್ಬರೂ ಕಿಟಕಿಯ ಹೊರಗಿನ ಹೊಂಗೆ ಮರವನ್ನು ನೋಡುತ್ತಿದ್ದೆವು. "ಇಷ್ಟು ದಿನ ಬಂದರೂ ಏನೂ ಬದಲಾಗಿಲ್ಲ ಅನಿಸುತ್ತಿದೆ ನಿಮಗೆ" ಎಂದರು ಅವರು. ನನ್ನ ಕಣ್ಣು ತುಂಬಿಕೊಂಡವು. ನನಗೆ ಆ ಮಾತು ಹೇಳಿ ಹೋದವರಿಗೆ ನಾನು ಆ ವಾರ ಕೊಟ್ಟ ಉತ್ತರ ಶುಲ್ಕದ ವಿವರವಾಗಿತ್ತು. ಮರುದಿನ ಅವರಿಗೆ ಫೋನ್ ಮಾಡಿದೆ.